ಮುತ್ಯಾ ಇರುವಾಗಲೇ ಅವರ ಮುಖ ಬಿಡಿಸುವುದು ಹೇಗೆ: ಬೋರ್ಡ್ ಪೇಂಟರ್ ಹಾರ್ಡಿಂಗ್ ತೋರಿಸಿದ ದಾರಿ

ನಮ್ಮ ಕಲಬುರಗಿ ಕಡೆ ಹಿರಿಯರ ಚಿತ್ರ ತೆಗೆದುಕೊಡ್ರಿ ಅಂತ ಯಾರಾದರೂ ಹುಡುಕಿಕೊಂಡು ಬಂದರೆ, ಅಷ್ಟೊತ್ತಿಗೆ ಆ ಹಿರಿಯರು ತೀರಿಕೊಂಡು ನಾಲ್ಕೈದು ದಿನ ಆಗಿರುತ್ತದೆ. ಕೈಯಲ್ಲಿ ಆಧಾರ್ ಕಾರ್ಡಿನ ಫೋಟೊ. ಇಲ್ಲವೇ ಯಾವುದೋ ಮದುವೆಯ ಗುಂಪಿನಲ್ಲಿ ಅರ್ಧ ಕಂಡ ಮುಖ. ಅದನ್ನೇ ದೊಡ್ಡದು ಮಾಡಿ, ತಲೆಗೆ ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿ, ದಿವಸದ ಕಾರ್ಯದ ಒಳಗೆ ಕೊಡಬೇಕು. ನಾನೂ ಎಷ್ಟೋ ವರ್ಷ ಹೀಗೇ ಕೊಟ್ಟಿದ್ದೇನೆ. ಒಮ್ಮೆ ಗಂಡನ ಚಿತ್ರ ನೋಡಿದ ಆಯಿಯೊಬ್ಬರು ಮೆಲ್ಲಗೆ ಒಂದೇ ಮಾತು ಹೇಳಿದರು: "ಇವರ ಕಣ್ಣ ಹಿಂಗ ಇರಲಿಲ್ಲಪ್ಪಾ." ನಾನು ಏನು ಹೇಳಲಿ? ಆ ಕಣ್ಣನ್ನು ನಾನು ನೋಡಿಯೇ ಇರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಸ್ವಲ್ಪ ಬ್ರಷ್ ಹಿಡಿಯಲು ಬಂದರೆ, ಬೋರ್ಡ್ ಬರೆಯುವವರಾಗಿರಲಿ, ಶಾಲೆಯಲ್ಲಿ ಡ್ರಾಯಿಂಗ್ ಕಲಿತವರಾಗಿರಲಿ, ಮನೆಯ ಹಿರಿಯರನ್ನು ಬದುಕಿರುವಾಗಲೇ ಎದುರು ಕೂಡಿಸಿಕೊಂಡು ಮುಖ ಬಿಡಿಸಿ. ಹೇಗೆ ಅಂತ ಹೇಳುತ್ತೇನೆ. ಜೊತೆಗೆ ಒಬ್ಬ ಮನುಷ್ಯನ ಕಥೆಯನ್ನೂ ಹೇಳುತ್ತೇನೆ, ಯಾಕೆಂದರೆ ನನಗೆ ಈ ದಾರಿ ತೋರಿಸಿದ್ದು ಆತನ ಬದುಕೇ.

ಆತನ ಹೆಸರು ಚೆಸ್ಟರ್ ಹಾರ್ಡಿಂಗ್. ಅಮೆರಿಕದವ, 1792ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್ವೇ ಎಂಬ ಸಣ್ಣ ಊರಲ್ಲಿ ಹುಟ್ಟಿದ. ಅಪ್ಪ ಒಳ್ಳೆಯವ, ಆದರೆ ತಾನೇ ತಾನಾಗಿ ನಿಲ್ಲದೆ ತಿರುಗುವ ಯಂತ್ರ ಕಂಡುಹಿಡಿಯುತ್ತೇನೆ ಅಂತ ಅದರ ಬೆನ್ನು ಹತ್ತಿದವ, ಹಾಗಾಗಿ ಮನೆಯಲ್ಲಿ ಬಡತನ. ಹಾರ್ಡಿಂಗ್ ಸೈನ್ಯದಲ್ಲಿ ಡ್ರಮ್ ಬಾರಿಸಿದ, ಕುರ್ಚಿ ಮಾಡಿದ, ಸಾಲ ಮಾಡಿಕೊಂಡ. ಸಾಲ ಕೊಟ್ಟವರ ಕಾಟ ತಾಳದೆ ಊರು ಬಿಟ್ಟು, ಮರದ ತೆಪ್ಪದ ಮೇಲೆ ನದಿಗುಂಟ ಸಾಗಿ ಪಿಟ್ಸ್‌ಬರ್ಗ್ ಸೇರಿದ. ಅಲ್ಲಿ ಮನೆಗಳಿಗೆ ಬಣ್ಣ ಹೊಡೆದ, ಆಮೇಲೆ ಅಂಗಡಿ ಬೋರ್ಡ್ ಬರೆದ. ನಮ್ಮ ಹಾಗೆಯೇ!

ಆತ ಮುಂದೆ ದೊಡ್ಡ ಹೆಸರು ಮಾಡಿದ, ಅದನ್ನು ಆಮೇಲೆ ನೋಡೋಣ. ನನ್ನ ಮನಸ್ಸಿನಲ್ಲಿ ನಿಂತಿರುವುದು 1820ರ ಜೂನ್ ತಿಂಗಳ ಒಂದು ಪ್ರಯಾಣ. ಡೇನಿಯಲ್ ಬೂನ್ ಅಂತ ಒಬ್ಬ ಮುದುಕ ಇದ್ದ, ಕೆಂಟಕಿಯ ಕಾಡುಗಳಲ್ಲಿ ದಾರಿ ಮಾಡಿದವ, ಅವನ ಸಾಹಸದ ಕಥೆ ಇಡೀ ಅಮೆರಿಕಕ್ಕೆ ಗೊತ್ತಿತ್ತು. ಆದರೆ ಎದುರು ಕೂತು ಅವನ ಮುಖವನ್ನು ಯಾರೂ ಬಿಡಿಸಿರಲಿಲ್ಲ. ಹಾರ್ಡಿಂಗ್ ಆಗ ಸೇಂಟ್ ಲೂಯಿಸ್‌ನಲ್ಲಿದ್ದ. ಯಾರೂ ಕರೆದಿರಲಿಲ್ಲ, ತಾನಾಗಿಯೇ 100 ಮೈಲಿ ಹೊರಟ. ಇನ್ನೇನು ಎರಡು ಮೈಲಿ ಇದೆ ಅನ್ನುವಾಗ ಒಬ್ಬನನ್ನು ಕೇಳಿದರೆ, ಅಂಥವರು ಯಾರೂ ಇಲ್ಲ ಅಂದನಂತೆ. ಅವನ ಹೆಂಡತಿ ಒಳಗಿಂದ ಹೇಳಿದಳು: ಯಾಕೆ ಗೊತ್ತಿಲ್ಲ, ನದಿ ಹತ್ತಿರ ಇರೋ ಆ ಬಿಳಿ ತಲೆಯ ಮುದುಕ ಅಲ್ವಾ! ಹೋಗಿ ನೋಡಿದರೆ ಬೂನ್ ಮಲಗಿದ್ದಲ್ಲಿಂದಲೇ ಬಂದೂಕಿನ ಕಡ್ಡಿಗೆ ಜಿಂಕೆ ಮಾಂಸ ಸುತ್ತಿಕೊಂಡು ಬೆಂಕಿಯ ಮುಂದೆ ತಿರುಗಿಸುತ್ತಾ ಇದ್ದ. ವಯಸ್ಸು 85. ತಲೆ ನಡುಗುತ್ತಿತ್ತು, ಚಿತ್ರಕ್ಕೆ ಕೂತಾಗ ಒಬ್ಬರು ಹಿಂದೆ ನಿಂತು ತಲೆ ಹಿಡಿದುಕೊಳ್ಳಬೇಕಾಯಿತು. ಸೆಪ್ಟೆಂಬರ್ 26ಕ್ಕೆ ಬೂನ್ ತೀರಿಕೊಂಡ. ಮೂರು ತಿಂಗಳ ಅಂತರ, ಅಷ್ಟೇ. ಬದುಕಿದ್ದಾಗ ಎದುರು ಕೂತು ಬಿಡಿಸಿದ ಬೂನ್‌ನ ಮುಖ ಅದೊಂದೇ.

ಮಳೆಗಾಲ ಮುಗಿಯಲಿ, ತೊಗರಿ ರಾಶಿ ಆಗಲಿ, ಆಮೇಲೆ ಕೂಡಿಸಿದರಾಯ್ತು ಅನ್ನುತ್ತೇವಲ್ಲ, ಆ ಮಾತು ಬಿಡಿ. ಈ ವಾರವೇ ಶುರು ಮಾಡಿ.

ಒಪ್ಪಿಸುವುದು

ಮೊದಲ ಕಷ್ಟ ಇದೇ. ನಮ್ಮಲ್ಲಿ ಗೋಡೆಯ ಮೇಲೆ ಚಿತ್ರ ಅಂದರೆ ಸತ್ತವರದು, ಹಾರ ಹಾಕುವುದಕ್ಕೆ. ನಾನು ನಮ್ಮ ಓಣಿಯ ಒಬ್ಬ ಮುತ್ಯಾನನ್ನು ಕೇಳಿದಾಗ ಅವರು ನನ್ನ ಮುಖ ನೋಡಿ, "ನಾ ಇನ್ನಾ ಸತ್ತಿಲ್ಲಲ್ಲೋ ತಮ್ಮಾ, ಈಗ್ಯಾಕ ಫೋಟೋ?" ಅಂದರು. ಆಗ ವಾದ ಮಾಡಬೇಡಿ. ಬೂನ್‌ಗೂ ಹಾರ್ಡಿಂಗ್ ಬಂದ ಕೆಲಸ ಏನು ಅಂತ ಮೊದಲು ತಿಳಿಯಲಿಲ್ಲವಂತೆ. ಹಾರ್ಡಿಂಗ್ ಪಕ್ಕದಲ್ಲಿ ಕೂತು ಮಾತಾಡಿಸಿದ, ಹಳೆಯ ಕಾಡಿನ ಕಥೆ ಕೇಳಿದ. ಇಷ್ಟು ಅಲೆದಿದ್ದೀರಿ, ಎಂದಾದರೂ ದಾರಿ ತಪ್ಪಿತ್ತಾ ಅಂದರೆ, ತಪ್ಪಿಲ್ಲ, ಒಮ್ಮೆ ಮೂರು ದಿನ ಮಾತ್ರ ದಿಕ್ಕು ತೋಚದೆ ಗೊಂದಲ ಆಗಿತ್ತು ಅಂತ ಮುದುಕ ಉತ್ತರ ಕೊಟ್ಟ. ನೀವೂ ಹಾಗೇ ಮಾಡಿ. ಚಹಾ ಕುಡಿಯುತ್ತಾ ನಿಜಾಮನ ಕಾಲದ ಮಾತು ಕೇಳಿ, ಬರಗಾಲದ ವರ್ಷ ಏನು ಉಂಡಿದ್ದರು ಅಂತ ಕೇಳಿ. ಮೊದಲ ದಿನ ಬಣ್ಣ ತೆಗೆಯಲೇಬೇಡಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಮಾತಾಡುವಾಗ ಯಾವ ಕಡೆಗೆ ತಲೆ ವಾಲುತ್ತದೆ, ನಗುವಾಗ ಯಾವ ಕಣ್ಣು ಮೊದಲು ಸಣ್ಣದಾಗುತ್ತದೆ, ಇದನ್ನು ಗಮನಿಸಿ ಬರೆದುಕೊಳ್ಳಿ. ನಮ್ಮ ಮುತ್ಯಾ ಎರಡನೇ ದಿನ ತಾವೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

ಯಾರೂ ಸಿಗದಿದ್ದರೆ ಮನೆಯವರನ್ನೇ ಕೂಡಿಸಿ. ಹಾರ್ಡಿಂಗ್ ಶುರು ಮಾಡಿದ್ದೂ ಹಾಗೆಯೇ. ಪಿಟ್ಸ್‌ಬರ್ಗ್‌ನಲ್ಲಿ ನೆಲ್ಸನ್ ಅಂತ ಇನ್ನೊಬ್ಬ ಬೋರ್ಡ್ ಪೇಂಟರ್ ಮುಖಚಿತ್ರವನ್ನೂ ಬಿಡಿಸುತ್ತಿದ್ದ. ಹಾರ್ಡಿಂಗ್ ತನ್ನದು, ಹೆಂಡತಿಯದು ಚಿತ್ರ ತೆಗೆಸಿದ, ಒಂದಕ್ಕೆ 10 ಡಾಲರ್ ಕೊಟ್ಟು. ಅವನಿಗೆ ಬೇಕಿದ್ದದ್ದು ಚಿತ್ರಕ್ಕಿಂತ ಜಾಸ್ತಿ, ಬಣ್ಣ ಹಚ್ಚುವುದನ್ನು ನೋಡುವುದು. ನೆಲ್ಸನ್ ತೋರಿಸಲಿಲ್ಲ. ಆಗ ಈತ ಮನೆಗೆ ಬಂದು ಒಂದು ಹಲಗೆ ತೆಗೆದುಕೊಂಡು, ಬೋರ್ಡಿಗೆ ಹಚ್ಚುವ ಬಣ್ಣದಲ್ಲೇ ಹೆಂಡತಿಯ ಮುಖ ಬಿಡಿಸಿಯೇ ಬಿಟ್ಟ. ಹೋಲಿಕೆ ಬಂತು. ಸಂತೋಷಕ್ಕೆ ಹುಚ್ಚೇ ಹಿಡಿದಂತಾಯಿತು ಅಂತ ಮುಂದೆ ತಾನೇ ಬರೆದುಕೊಂಡಿದ್ದಾನೆ. ಆಮೇಲೆ ಒಬ್ಬ ಬ್ರೆಡ್ ಮಾಡುವವನು 5 ಡಾಲರ್ ಕೊಟ್ಟು ಚಿತ್ರ ಬಿಡಿಸಿಕೊಂಡ. ಅದೇ ಮೊದಲ ಗಳಿಕೆ.

ಸಾಮಾನು

ಒಂದು ವಿಷಯದಲ್ಲಿ ಮಾತ್ರ ಹಾರ್ಡಿಂಗ್‌ನಂತೆ ಮಾಡಬೇಡಿ. ಆತ ಬೋರ್ಡ್ ಬಣ್ಣ ಬಳಸಿದ್ದ ಅಂತ ನೀವು ಎನಾಮೆಲ್ ಡಬ್ಬಿ ತೆರೆಯಬೇಡಿ. ಆ ಕಾಲದ ಬೋರ್ಡ್ ಬಣ್ಣ ಅಂದರೆ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ, ಕಲಾವಿದರ ಬಣ್ಣಕ್ಕೂ ಅದಕ್ಕೂ ದೂರ ಜಾಸ್ತಿ ಇರಲಿಲ್ಲ. ಈಗಿನ ಎನಾಮೆಲ್ ಬೇರೆ. ಬೇಗ ಚರ್ಮ ಕಟ್ಟುತ್ತದೆ, ಒಂದು ಬಣ್ಣದೊಳಗೆ ಇನ್ನೊಂದನ್ನು ಮೆತ್ತಗೆ ಸೇರಿಸಲು ಬಿಡುವುದಿಲ್ಲ, ಬಿಳಿ ವರ್ಷ ಕಳೆದಂತೆ ಹಳದಿ ಆಗುತ್ತದೆ. ನಾನು ಮೊದಲು ಬಿಡಿಸಿದ ಮೂರು ಮುಖಗಳು ಎನಾಮೆಲ್‌ನವು, ಮೂರೂ ಈಗ ಕಾಮಾಲೆ ಆದಂತೆ ಕಾಣುತ್ತವೆ. ಆ ಮನೆಗಳಿಗೆ ಹೋದಾಗ ಗೋಡೆ ಕಡೆ ನೋಡಲು ನನಗೆ ಆಗುವುದಿಲ್ಲ.

ಟ್ಯೂಬಿನ ಆಯಿಲ್ ಕಲರ್ ತನ್ನಿ. ಆರು ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಒಂದು ಕೆಂಪು. ಕಪ್ಪು ಬೇಡ. 16 ಇಂಚು ಅಗಲ, 20 ಇಂಚು ಎತ್ತರದ ಪ್ರೈಮರ್ ಹಚ್ಚಿದ ಕ್ಯಾನ್ವಾಸ್ ಇದ್ದರೆ ತಲೆ, ಹೆಗಲು ನಿಜದ ಅಳತೆಗೆ ಹತ್ತಿರ ಬರುತ್ತವೆ. ಹಂದಿಕೂದಲ ಬ್ರಷ್ ದೊಡ್ಡದು ಎರಡು, ಮೆತ್ತನೆಯದು ಒಂದು. ತಾರ್ಪಿನ್. ಅಗಸೆ ಎಣ್ಣೆಯನ್ನು ಬಣ್ಣದ ಅಂಗಡಿಯಿಂದಲೇ ತನ್ನಿ, ಅಗಸಿ ಹಿಂಡಿ ಮಾಡುವ ಮನೆಯಲ್ಲಿ ಗಾಣದ ಎಣ್ಣೆ ಇದೆ ಅಂತ ಅದನ್ನು ಹಾಕಬೇಡಿ, ಅದು ಚಿತ್ರಕ್ಕೆ ಸೋಸಿ ಶುದ್ಧ ಮಾಡಿದ್ದಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಇರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ಬೆಂಕಿ ಹತ್ತಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಬೆಳಕು, ಕುರ್ಚಿ

ಉತ್ತರದ ಕಿಟಕಿ ಇದ್ದರೆ ಅದರ ಪಕ್ಕ ಕೂಡಿಸಿ. ಆ ಕಡೆಯಿಂದ ನೇರ ಬಿಸಿಲು ಹೆಚ್ಚಾಗಿ ಬರುವುದಿಲ್ಲ, ಬೆಳಕು ಗಂಟೆಗಂಟೆಗೆ ಬದಲಾಗುವುದಿಲ್ಲ. ಹಳೆಯ ಕಲ್ಲಿನ ಮನೆಗಳಲ್ಲಿ ಕಿಟಕಿ ಸಣ್ಣದು, ಆಗ ತಲಬಾಗಿಲ ಒಳಗೆ ಮೂರು ಹೆಜ್ಜೆ ಹಿಂದೆ ಕೂಡಿಸಿ. ಬೆಳಕು ಒಂದೇ ಕಡೆಯಿಂದ, ಸ್ವಲ್ಪ ಮೇಲಿಂದ ಬೀಳಬೇಕು. ಮೇಲಿನ ಟ್ಯೂಬ್‌ಲೈಟ್ ಆರಿಸಿ, ಎರಡು ಕಡೆ ಬೆಳಕಾದರೆ ಮುಖ ಚಪಾತಿಯಂತೆ ಚಪ್ಪಟೆ ಆಗುತ್ತದೆ. ಬೆಳಿಗ್ಗೆ ಏಳರಿಂದ ಹತ್ತು, ಅಷ್ಟೇ. ಆಮೇಲೆ ಬಿಸಿಲಿಗೆ ಹಿರಿಯರು ದಣಿಯುತ್ತಾರೆ.

ಕುರ್ಚಿಯ ನಾಲ್ಕು ಕಾಲಿನ ಸುತ್ತ ಶಹಾಬಾದ್ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ನೀವು ನಿಲ್ಲುವ ಜಾಗಕ್ಕೂ ಹಾಕಿ. ನಾಳೆ ಮತ್ತೆ ಅದೇ ಜಾಗ ಸಿಗಬೇಕಲ್ಲ. ಇಪ್ಪತ್ತು ನಿಮಿಷ ಕೂಡಿಸಿ, ಹತ್ತು ನಿಮಿಷ ಎಬ್ಬಿಸಿ. ಕತ್ತು ನಿಲ್ಲದವರಿಗೆ ಹಿಂದೆ ದಿಂಬು ಕೊಡಿ, ಅಥವಾ ಮೊಮ್ಮಗನನ್ನು ನಿಲ್ಲಿಸಿ. ಅದರಲ್ಲಿ ಮರ್ಯಾದೆ ಕಮ್ಮಿ ಆಗುವುದೇನೂ ಇಲ್ಲ. ಬೂನ್‌ಗೂ ಬೇಕಾಗಿತ್ತು.

ಹೋಲಿಕೆ ಎಲ್ಲಿರುತ್ತದೆ

ಹೊಸಬರು ಕಣ್ಣಿನ ರೆಪ್ಪೆಯಿಂದ ಶುರು ಮಾಡುತ್ತಾರೆ. ಬೇಡ. ಹೋಲಿಕೆ ಇರುವುದು ದೊಡ್ಡ ಆಕಾರದಲ್ಲಿ. ಓಣಿಯ ಆ ತುದಿಯಲ್ಲಿ ಬರುತ್ತಿರುವವರನ್ನು ಕಣ್ಣು ಮೂಗು ಕಾಣದಿದ್ದರೂ ಇಂಥವರೇ ಅಂತ ಗುರುತಿಸುತ್ತೇವಲ್ಲ, ಅದು ಮೊದಲು ಬರಬೇಕು. ಬರ್ನ್ಟ್ ಅಂಬರ್‌ಗೆ ತಾರ್ಪಿನ್ ಜಾಸ್ತಿ ಸೇರಿಸಿ ಚಹಾದ ಡಿಕಾಕ್ಷನ್‌ನಂತೆ ತೆಳ್ಳಗೆ ಮಾಡಿಕೊಂಡು, ದೊಡ್ಡ ಬ್ರಷ್‌ನಿಂದ ತಲೆ, ಹೆಗಲಿನ ಆಕಾರ ಹಾಕಿ. ಕಣ್ಣು ಅರ್ಧ ಮುಚ್ಚಿ ನೋಡಿ, ನೆರಳು ಎಲ್ಲ ಒಂದೇ ತುಂಡಾಗಿ ಕಾಣುತ್ತದೆ, ಆ ತುಂಡನ್ನು ತುಂಬಿ. ತಪ್ಪಿದರೆ ಬಟ್ಟೆಯಿಂದ ಒರೆಸಿ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣಿನ ಗೆರೆ ಸುಮಾರು ನಡುವೆ ಬರುತ್ತದೆ. ರುಮಾಲು ಸುತ್ತಿದವರಲ್ಲಿ ನೆತ್ತಿ ಕಾಣುವುದಿಲ್ಲವಾದ್ದರಿಂದ ಎಲ್ಲರೂ ಇಲ್ಲೇ ತಪ್ಪುತ್ತಾರೆ, ಕಣ್ಣನ್ನು ಮೇಲೆ ಕೂರಿಸಿಬಿಡುತ್ತಾರೆ. ಅದಕ್ಕೇ ಒಮ್ಮೆ ರುಮಾಲು ತೆಗೆಸಿ ತಲೆ ನೋಡಿಕೊಳ್ಳಿ.

ಹಾಗೆ ತೆಗೆಸಿದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಮುತ್ಯಾನ ಹಣೆಯ ಮೇಲೆ ಒಂದು ಅಡ್ಡ ಗೆರೆ ಇತ್ತು. ಗೆರೆಯ ಮೇಲೆ, ರುಮಾಲಿನಡಿ ಅರವತ್ತು ವರ್ಷ ಮುಚ್ಚಿದ್ದ ಚರ್ಮ, ಗೋಧಿ ಹಿಟ್ಟಿನ ಬಣ್ಣ. ಗೆರೆಯ ಕೆಳಗೆ ಹೊಲದ ಬಿಸಿಲಿನಲ್ಲಿ ಬೆಂದು ಹುರಿದ ತೊಗರಿಯ ಬಣ್ಣ. ಕೆನ್ನೆಯಲ್ಲಿ ಕೆಂಪು, ಗಡ್ಡ ಕೆರೆದ ಜಾಗದಲ್ಲಿ ಬೂದಿ ಮಿಶ್ರ ನೀಲಿ. ಎಡಗಿವಿಯ ತುದಿ ಬೆಳಕು ಹಾಯ್ದು ಕೆಂಪಗೆ ಹೊಳೆಯುತ್ತಿತ್ತು. ಇದ್ಯಾವುದೂ ಆಧಾರ್ ಕಾರ್ಡಿನಲ್ಲಿ ಇರಲಿಲ್ಲ. ಮೊಬೈಲ್ ಫೋಟೊದಲ್ಲೂ ಬರಲಿಲ್ಲ, ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ, ನೆರಳೆಲ್ಲ ಕಪ್ಪಾಗುತ್ತದೆ.

ಬಣ್ಣ

ನಮ್ಮ ಕಂದು ಚರ್ಮಕ್ಕೆ ಕಪ್ಪು ಬೆರೆಸಿದರೆ ಮುಖ ಮಸಿ ಆಗುತ್ತದೆ. ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಸೇರಿಸಿ, ಜೀವ ಇರುವ ನೆರಳು ಸಿಗುತ್ತದೆ. ಬೆಳಕಿನ ಜಾಗಕ್ಕೆ ಓಕರ್, ಸಿಯೆನ್ನಾ, ಸ್ವಲ್ಪ ಬಿಳಿ. ಬಿಳಿ ಜಾಸ್ತಿ ಆದರೆ ಪೌಡರ್ ಹಚ್ಚಿದಂತೆ ಕಾಣುತ್ತದೆ, ಹುಷಾರು. ಬಿಳಿ ರುಮಾಲು ಕೂಡ ಬಿಳಿ ಅಲ್ಲ. ಮಡಿಕೆಯೊಳಗೆ ನೀಲಿ ಬೂದು, ಹಣೆ ಹತ್ತಿರ ಚರ್ಮದ ಬಣ್ಣ ಅದರ ಮೇಲೆ ಬಿದ್ದು ಕಂದು. ಟ್ಯೂಬಿನ ಬಿಳಿಯನ್ನು ಒಂದೇ ಒಂದು ಮಡಿಕೆಯ ಉಬ್ಬಿದ ಅಂಚಿಗೆ ಇಟ್ಟುಕೊಳ್ಳಿ.

ಕೆಳಗಿನ ಪದರಕ್ಕೆ ತಾರ್ಪಿನ್, ಮೇಲೆ ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನ ಪದರ ಮೊದಲು ಒಣಗಿ ಮುಂದೆ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ತೆಳು ಪದರ ಮೂರ್ನಾಲ್ಕು ದಿನಕ್ಕೆ ಮುಟ್ಟಲು ಬರುತ್ತದೆ, ಮಳೆಗಾಲದಲ್ಲಿ ಕಾಯಬೇಕು. ಒಂದು ಮುಖಕ್ಕೆ ಐದಾರು ಸಲ ಕೂಡಿಸಿದರೆ ಸಾಕು. ಪ್ರತಿ ಸಲ ಕೊನೆಗೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಎರಡು ಕಣ್ಣು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಕನ್ನಡಿ ತಕ್ಷಣ ಹೇಳಿಬಿಡುತ್ತದೆ. ಮತ್ತೆ, ನೆಲ್ಸನ್‌ನಂತೆ ಮುಚ್ಚಿಡಬೇಡಿ. ಓಣಿಯ ಮಕ್ಕಳು ಬಂದು ನಿಂತು ನೋಡಲಿ. ನಾಳೆ ಅವರಲ್ಲೇ ಒಬ್ಬರು ಬ್ರಷ್ ಹಿಡಿಯಬಹುದು.

ಕೈ ಪಳಗುವುದು, ದರ

ಒಂದೆರಡು ಮುಖಕ್ಕೆ ಕೈ ಪಳಗುವುದಿಲ್ಲ. ಹಾರ್ಡಿಂಗ್‌ನ ಅಣ್ಣತಮ್ಮಂದಿರಲ್ಲಿ ಒಬ್ಬ ಕೆಂಟಕಿಯ ಪ್ಯಾರಿಸ್ ಎಂಬ ಊರಲ್ಲಿ ಕುರ್ಚಿ ಮಾಡುತ್ತಿದ್ದ. ಆ ಸೀಮೆಯಲ್ಲಿ ಒಬ್ಬ ಕಲಾವಿದ ಒಂದು ಮುಖಕ್ಕೆ 50 ಡಾಲರ್ ತೆಗೆದುಕೊಳ್ಳುತ್ತಾನೆ ಅಂತ ಸುದ್ದಿ ಬಂತು. ಹಾರ್ಡಿಂಗ್ ಅಲ್ಲಿಗೆ ಹೋಗಿ 25 ಡಾಲರ್ ಅಂದ. ಆರು ತಿಂಗಳಲ್ಲಿ ಸುಮಾರು 100 ಮುಖ! ನನಗೆ ಅನಿಸುವುದು, ಆತ ಕಲಾವಿದ ಆದದ್ದು ಆ ಆರು ತಿಂಗಳಲ್ಲೇ. ಆ ದುಡ್ಡಿನಿಂದ ಫಿಲಡೆಲ್ಫಿಯಾಕ್ಕೆ ಹೋಗಿ ಸ್ವಲ್ಪ ಕಾಲ ಇದ್ದು ದೊಡ್ಡವರ ಕೆಲಸ ನೋಡಿ ಕಲಿತ. ಮೊದಲು ದುಡಿಮೆ, ಆಮೇಲೆ ಪಾಠ, ಮತ್ತೆ ದುಡಿಮೆ.

ನಮಗೂ ನೋಡಿ ಕಲಿಯಲು ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲೇ ಚಿತ್ರಕಲಾ ಕಾಲೇಜುಗಳಿವೆ, ಅಲ್ಲಿನ ಪ್ರದರ್ಶನಗಳಿಗೆ ಹೋಗಿ. ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಲ್ಲಿ ಹೆಸರು ಮಾಡಿದರು. ಅವರ ಹೆಸರಿನ ರಂಗಮಂದಿರಕ್ಕೆ ನಾಟಕ ನೋಡಲು ಹೋಗುವ ನಮ್ಮಲ್ಲಿ ಎಷ್ಟೋ ಜನ ಅವರ ಚಿತ್ರವನ್ನು ನಿಂತು ನೋಡಿಲ್ಲ. ಹಳೆಯ ಕ್ಯಾಲೆಂಡರ್ ಸಿಕ್ಕರೆ ಬಿಡಬೇಡಿ. ಮುಖದ ನೆರಳಿನಲ್ಲಿ ಬಣ್ಣ ಹೇಗೆ ಇಟ್ಟಿದ್ದಾರೆ ನೋಡಿ.

ದರ ಮೊದಲೇ ಹೇಳಿ, ಅರ್ಧ ಮುಂಗಡ ತೆಗೆದುಕೊಳ್ಳಿ. ಕ್ಯಾನ್ವಾಸ್, ಬಣ್ಣದ ಖರ್ಚು, ಕೂತ ದಿನಗಳ ಕೂಲಿ ಕೂಡಿಸಿ ನೋಡಿ, ಅದಕ್ಕಿಂತ ಕಮ್ಮಿಗೆ ಒಪ್ಪಬೇಡಿ. ಇಷ್ಟು ರೊಕ್ಕಕ್ಕೆ ದೊಡ್ಡ ಫ್ಲೆಕ್ಸ್ ಬರುತ್ತಲ್ಲ ಅನ್ನುವವರು ಇದ್ದೇ ಇರುತ್ತಾರೆ. ಹಾರ್ಡಿಂಗ್‌ನ ಸ್ವಂತ ಅಜ್ಜನೇ ಅವನನ್ನು ಕರೆದು, ಒಂದು ಮುಖಕ್ಕೆ 40 ಡಾಲರ್ ತೆಗೆದುಕೊಳ್ಳುವುದು ಮೋಸಕ್ಕೆ ಸಮ, ಇದನ್ನು ಬಿಟ್ಟು ಹೊಲ ಮಾಡಿಕೊಂಡು ಮರ್ಯಾದೆಯಿಂದ ಬದುಕು ಅಂತ ಬುದ್ಧಿ ಹೇಳಿದ್ದ. ಆತ ಬಿಡಲಿಲ್ಲ. 1823ರಲ್ಲಿ ಬಾಸ್ಟನ್‌ನಲ್ಲಿ ಜನ ಎಷ್ಟು ಮುಗಿಬಿದ್ದರು ಅಂದರೆ, ಜಾರ್ಜ್ ವಾಷಿಂಗ್ಟನ್ ಮುಖ ಬಿಡಿಸಿದ ಗಿಲ್ಬರ್ಟ್ ಸ್ಟುವರ್ಟ್ ಎಂಬ ಹಿರಿಯ ಕಲಾವಿದ, ಹಾರ್ಡಿಂಗ್ ಜ್ವರ ಎಷ್ಟು ಏರಿದೆ ಅಂತ ಕೇಳುತ್ತಿದ್ದನಂತೆ. ಅದೇ ವರ್ಷ ಲಂಡನ್‌ಗೆ ಹೋಗಿ ಮೂರು ವರ್ಷ ಇದ್ದು ರಾಜಮನೆತನದವರ ಮುಖವನ್ನೂ ಬಿಡಿಸಿ ಬಂದ. 1866ರಲ್ಲಿ, 73ನೇ ವಯಸ್ಸಿನಲ್ಲಿ ಬಾಸ್ಟನ್‌ನಲ್ಲಿ ತೀರಿಕೊಂಡ. ಕೊನೆಯವರೆಗೂ ಬ್ರಷ್ ಕೈಯಲ್ಲೇ ಇತ್ತು.

ಚಿತ್ರ ಮುಗಿದ ಮೇಲೆ

ಆರು ತಿಂಗಳು ವಾರ್ನಿಶ್ ಹಚ್ಚಬೇಡಿ, ಒಳಗಿನ ಪದರ ಒಣಗಲಿ. ಅಡುಗೆಮನೆಯ ಹೊಗೆ, ಊದಿನಕಡ್ಡಿಯ ಹೊಗೆ, ಪಶ್ಚಿಮದ ಬಿಸಿಲು ಬೀಳುವ ಗೋಡೆ, ಇವುಗಳಿಂದ ದೂರ ತೂಗುಹಾಕಿ. ಕ್ಯಾನ್ವಾಸನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿ ಇಡಬೇಡಿ. ಹಾರ್ಡಿಂಗ್ ಬೂನ್‌ನದು ಕಾಲಿನವರೆಗಿನ ದೊಡ್ಡ ಚಿತ್ರವನ್ನೂ ಮಾಡಿದ್ದ, ಅದು ಹಾಳಾಗಿ ಮುಂದೆ ಮುಖದ ಭಾಗವನ್ನು ಕತ್ತರಿಸಿ ಉಳಿಸಿಕೊಳ್ಳಬೇಕಾಯಿತು.

ಹಿಂದೆ ಮರದ ಪಟ್ಟಿಯ ಮೇಲೆ ಬರೆಯಿರಿ. ಹಿರಿಯರ ಪೂರ್ತಿ ಹೆಸರು, ಊರು, ವಯಸ್ಸು, ಕೂತ ತಾರೀಕು, ನಿಮ್ಮ ಹೆಸರು. ಕೆಳಗೆ ಒಂದು ಸಾಲು: ಎದುರು ಕೂಡಿಸಿ ಬಿಡಿಸಿದ್ದು. ನಮ್ಮ ಮುತ್ಯಾನ ಚಿತ್ರದ ಹಿಂದೆ ಹೀಗೆ ಬರೆಯುವಾಗ ಅವರು ಪಕ್ಕದಲ್ಲೇ ನಿಂತಿದ್ದರು. ಓದು ಬರುವುದಿಲ್ಲ, ಏನು ಬರೆದಿ ಅಂತ ಕೇಳಿದರು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿದೂ ಒಂದು ತೆಗಿ, ನಾಳಿ ಕರಕೊಂಡು ಬರ್ತೀನಿ" ಅಂದರು.